ಗುಂಡಿ ಹಾಕುವ ಕೊಕ್ಕೆ

ನಮ್ಮ ಕಾಲೇಜಿನ ಆಕ್ಯುಪೇಷನಲ್ ಥೆರಪಿ ವಿಭಾಗದ ಕಾರಿಡಾರಿನ ಕೊನೆಯ ಕೋಣೆಯಲ್ಲಿ ಒಂದು ಗ್ಯಾಸ್ ಒಲೆ, ಒಂದು ಮಂಚ, ಕನ್ನಡಿ, ಬಕೆಟ್ಟು, ಚೊಂಬು, ಜೊತೆಗೆ ಚಿಲಕ, ಬೀಗ, ನಲ್ಲಿಗಳನ್ನು ಸಾಲಾಗಿ ಬಡಿದಿದ್ದ ಒಂದು ಹಲಗೆ ಇದ್ದವು. ಮಕ್ಕಳನ್ನು ಸೇರಿಸಲು ಬಂದ ಪೋಷಕರು ಅದನ್ನು ವಾರ್ಡನ್ ಮನೆ ಎಂದುಕೊಳ್ಳುತ್ತಿದ್ದರು. ನಮಗೆ ಅದು ಎಡಿಎಲ್, ಅಂದರೆ ದಿನನಿತ್ಯದ ಕೆಲಸಗಳ ಕೋಣೆ. ಉಣ್ಣುವುದು, ಉಡುವುದು, ಮೀಯುವುದು, ಬಾಗಿಲು ತೆಗೆಯುವುದು, ಹೀಗೆ ಬೆಳಗಾದರೆ ಎಲ್ಲರೂ ಮಾಡುವ ಕೆಲಸಗಳನ್ನು ಪಾರ್ಶ್ವವಾಯು ಹೊಡೆದವರಿಗೆ, ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಮತ್ತೆ ಕಲಿಸುವ ಜಾಗ. ವಿಭಾಗದ ಈ ಸಂಚಿಕೆಗೆ ಬರೆದುಕೊಡಿ ಎಂದು ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ಆ ಕೋಣೆಯ ಮೇಜಿನ ಎರಡನೇ ಡ್ರಾಯರ್. ಅದಕ್ಕೆ ಕಾರಣವಿದೆ, ಆಮೇಲೆ ಹೇಳುತ್ತೇನೆ.

ನಾನು ಹಿರಿಯೂರಿನ ಕಡೆಯವಳು. ಆಕ್ಯುಪೇಷನಲ್ ಥೆರಪಿ ಎಂದರೇನೆಂದು ಮನೆಯವರಿಗೆ ಬಿಡಿಸಿ ಹೇಳಲು ನಾಲ್ಕೂವರೆ ವರ್ಷದ ಕೋರ್ಸು ಸಾಲಲಿಲ್ಲ. ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಎಂದರೆ ದೊಡ್ಡಪ್ಪ, "ಹಾಗಾದರೆ ಉದ್ಯೋಗ ವಿನಿಮಯ ಕಚೇರಿಯಲ್ಲಿ ಕೂರುತ್ತೀಯೇನಮ್ಮಾ?" ಎಂದರು. ಅಮ್ಮ ನೆಂಟರ ಮುಂದೆ ಫಿಸಿಯೋಥೆರಪಿ ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ಕಮಲಾ ನಿಂಬ್ಕರ್ ಅವರು 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಈ ವಿದ್ಯೆಗೆ ದೇಶದ ಮೊದಲ ಶಾಲೆ ತೆರೆದರೆಂದು ಮೊದಲ ತರಗತಿಯಲ್ಲೇ ಕೇಳಿದ್ದೆ. ಅಷ್ಟು ಹಳೆಯ ವಿದ್ಯೆ ನಮ್ಮೂರಿನ ಬಸ್ ನಿಲ್ದಾಣದವರೆಗೂ ಬಂದಿರಲಿಲ್ಲ.

ಇಂಟರ್ನ್‌ಶಿಪ್ಪಿನಲ್ಲಿ ನನ್ನ ಪಾಲಿಗೆ ಬಂದವರು ಉಡುಪಿ ಬಳಿಯ ಶಂಕರಪುರದ ಕಡೆಯ ಒಬ್ಬ ಅಜ್ಜಿ. ಎಡಭಾಗಕ್ಕೆ ಪಾರ್ಶ್ವವಾಯು. ಅವರದು ತುಳು, ನನಗೆ ಬರುತ್ತಿದ್ದದ್ದು "ಎಂಚ ಉಲ್ಲರ್?" (ಹೇಗಿದ್ದೀರಿ?) ಎಂಬುದೊಂದೇ. ಅದನ್ನು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದೆ. ಪುಸ್ತಕದಲ್ಲಿ ಇದ್ದಂತೆ ಮರದ ಗೂಟಗಳನ್ನು ತೂತುಗಳಿಗೆ ಹಾಕಿಸಿದೆ, ಪ್ಲಾಸ್ಟಿಕ್ ಕೋನ್‌ಗಳನ್ನು ಒಂದರ ಮೇಲೊಂದು ಇಡಿಸಿದೆ. ಎರಡನೇ ವಾರದಲ್ಲಿ ಅಜ್ಜಿ ಕಣ್ಣು ಮುಚ್ಚಿ ಮಲಗಿಬಿಡುತ್ತಿದ್ದರು. ನಾನು ಕೇಸ್ ಶೀಟಿನಲ್ಲಿ 'ಸಹಕಾರ ಕಡಿಮೆ' ಎಂದು ಬರೆದೆ.

ನಮಗೆ ಕಲಿಸುತ್ತಿದ್ದ ಮೇಡಂ ಆ ಶೀಟನ್ನು ಓದಿ ಮೇಜಿನ ಮೇಲೆ ಮಗುಚಿಟ್ಟರು. "ಕಾಯಿಲೆ ಬೀಳುವ ಹಿಂದಿನ ದಿನ ಇವರು ಬೆಳಗ್ಗೆ ಎದ್ದು ಏನು ಮಾಡಿದ್ದರು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಸ್ನಾಯುಗಳ ಬಿಗಿತದ ಗ್ರೇಡು ಗೊತ್ತಿತ್ತು, ಭುಜ ಎಷ್ಟು ಡಿಗ್ರಿ ಎತ್ತುತ್ತದೆಂದು ಗೊತ್ತಿತ್ತು. "ಹೋಗಿ ಕೇಳಿಕೊಂಡು ಬಾ" ಎಂದರು. ಅಷ್ಟೇ, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಜ್ಜಿಯ ಮಗಳು ಹೇಳಿದರು: ಮಲ್ಲಿಗೆ ಗಿಡಗಳಿವೆ, ಅಮ್ಮ ಬೆಳಕು ಹರಿಯುವ ಮೊದಲೇ ಮೊಗ್ಗು ಬಿಡಿಸಿ, ಹೂವಿನ ವ್ಯಾಪಾರದ ಕಟ್ಟೆಗೆ ಹೂ ಹೋಗುವ ಹೊತ್ತಿಗೆ ಕಟ್ಟಿ ಮುಗಿಸುತ್ತಿದ್ದರು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮೊಳ, ಮಾರುಗಳಲ್ಲಿ ಹೂ ಅಳೆಯುವ ಊರಿನಿಂದ ಬಂದ ನನಗೆ ಇದೆಲ್ಲ ಹೊಸತು.

ಮರುದಿನ ಮಗಳು ಮೊಗ್ಗುಗಳನ್ನು ಬಾಳೆಎಲೆಯಲ್ಲಿ ಸುತ್ತಿ, ಬಾಳೆನಾರನ್ನು ನೀರಿನಲ್ಲಿ ನೆನೆಸಿ ತಂದರು. ನಾನು ನಾರಿನ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಹೀಗೆ ಕಟ್ಟಬೇಕೇ ಎಂದು ತೋರಿಸಲು ಹೋದೆ. ಮೂರು ಮೊಗ್ಗು ಜಾರಿ ಬಿದ್ದವು, ನಾಲ್ಕನೆಯದರ ತೊಟ್ಟು ಮುರಿಯಿತು. ಅಜ್ಜಿ ನೋಡಿದರು, ನೋಡಿದರು, ತಡೆಯಲಾಗದೆ ಬಲಗೈಯಲ್ಲಿ ನಾರನ್ನು ನನ್ನಿಂದ ಕಿತ್ತುಕೊಂಡರು. ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಎಡಗೈ ತಾನಾಗಿ ಮೇಲೆ ಬಂತು. ಹೆಬ್ಬೆರಳು, ತೋರುಬೆರಳು ಸೇರಿ ಮೊಗ್ಗುಗಳ ತೊಟ್ಟನ್ನು ಹಿಡಿಯಲು ನೋಡಿದವು, ಹಿಡಿದವು, ಬಿಟ್ಟವು, ಮತ್ತೆ ಹಿಡಿದವು. ಅರ್ಧ ಗಂಟೆಯಲ್ಲಿ ಕಟ್ಟಿದ್ದು ಹನ್ನೊಂದು ಹೂ, ಅದೂ ಸೊಟ್ಟ. ಇದು ಮಾರುವ ಹೂವಲ್ಲ, ಮನೆಯ ದೇವರಿಗೆ ಆದೀತು ಎಂದು ಅಜ್ಜಿ ಹೇಳಿದ್ದನ್ನು ಮಗಳು ನಗುತ್ತಾ ಕನ್ನಡಕ್ಕೆ ತಿರುಗಿಸಿದರು.

ಪವಾಡವೇನೂ ನಡೆಯಲಿಲ್ಲ. ಮನೆಗೆ ಹೊರಡುವ ದಿನವೂ ಒಂದು ಚೆಂಡು ಮುಗಿಸುವ ಶಕ್ತಿ ಆ ಕೈಗೆ ಬಂದಿರಲಿಲ್ಲ. ಆದರೆ ರವಿಕೆಗೆ ಮೊದಲು ಎಡಗೈ ತೂರಿಸಬೇಕು, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಬೇಕು ಎಂದು ನಾನು ಎರಡು ವಾರ ಬಡಿದುಕೊಂಡಿದ್ದನ್ನು ಅಜ್ಜಿ ಆ ವಾರದಲ್ಲಿ ಕಲಿತರು. ರೋಗಿ ತನ್ನ ಕೆಲಸಗಳನ್ನು ತಾನೇ ಎಷ್ಟು ಮಾಡಿಕೊಳ್ಳಬಲ್ಲರೆಂದು ಅಳೆಯುವ ಬಾರ್ಥೆಲ್ ಸೂಚಿಯಲ್ಲಿ ಉಣ್ಣುವುದಕ್ಕೆ 10, ಮೀಯುವುದಕ್ಕೆ 5, ಬಟ್ಟೆ ಹಾಕಿಕೊಳ್ಳುವುದಕ್ಕೆ 10 ಅಂಕ. ಒಟ್ಟು ನೂರರಲ್ಲಿ ಹೂ ಕಟ್ಟುವುದಕ್ಕೆ ಒಂದೂ ಇಲ್ಲ. ಮೇಡಂಗೆ ಇದನ್ನು ಹೇಳಿದರೆ, "ಅಂಚಿನಲ್ಲಿ ಜಾಗ ಇದೆಯಲ್ಲ, ಅಲ್ಲಿ ಬರೆ" ಎಂದರು.

ಪದವಿ ಕೈಗೆ ಬಂದ ಮೇಲೆ ತರಗತಿಯ ಅರ್ಧ ಜನ ಹೊರದೇಶದ ಪರೀಕ್ಷೆಗೆ ಓದಲು ಕುಳಿತರು. ನಾನು ಬೆಂಗಳೂರಿಗೆ ಹೋದೆ. ಮೊದಲ ಕೆಲಸ ಮಕ್ಕಳ ಒಂದು ಥೆರಪಿ ಕೇಂದ್ರದಲ್ಲಿ. ಉಯ್ಯಾಲೆ, ಬಣ್ಣದ ಚೆಂಡುಗಳ ತೊಟ್ಟಿ, ಗೋಡೆಯ ಮೇಲೆ ಆನೆಯ ಚಿತ್ರ. ಮಗುವಿಗೆ ನಲವತ್ತೈದು ನಿಮಿಷದಂತೆ ದಿನಕ್ಕೆ ಎಂಟು ಮಕ್ಕಳು. ಪೋಷಕರು ಗಾಜಿನ ಬಾಗಿಲಿನ ಆಚೆ ಕೂರಬೇಕು, ಅವರೊಡನೆ ಮಾತನಾಡಲು ಕೊನೆಯ ಎರಡು ನಿಮಿಷ. ಅಲ್ಲಿನ ವ್ಯವಸ್ಥಾಪಕರಿಗೆ ಬೇಕಿದ್ದದ್ದು ತಿಂಗಳ ಕೊನೆಗೆ ಎಷ್ಟು ಸೆಷನ್ ಎಂಬ ಲೆಕ್ಕ. ಅವರನ್ನೇಕೆ ಅನ್ನಲಿ, ಮೂರು ತಿಂಗಳಲ್ಲಿ ನಾನೂ ಅದೇ ಲೆಕ್ಕಕ್ಕೆ ಒಗ್ಗಿಕೊಂಡಿದ್ದೆ. ಮೇಡಂ ಕೇಳಿದ ಪ್ರಶ್ನೆ ಪೂರ್ತಿ ಮರೆತುಹೋಗಿತ್ತು.

ಆಟಿಸಂ ಇದ್ದ ನಾಲ್ಕು ವರ್ಷದ ಹುಡುಗನೊಬ್ಬ ಬರುತ್ತಿದ್ದ. ನಾನು ಅವನಿಂದ ಮಣಿ ಪೋಣಿಸುವ ಅಭ್ಯಾಸ ಮಾಡಿಸುತ್ತಿದ್ದೆ. ಒಂದು ಸೋಮವಾರ ಅವನ ಕೆನ್ನೆಯ ಮೇಲೆ ಉಗುರಿನ ಗೀರುಗಳಿದ್ದವು. ಕರೆದುಕೊಂಡು ಬಂದಿದ್ದ ಅವನ ಅಜ್ಜಿಯನ್ನು ನಿಯಮ ಮುರಿದು ಒಳಗೆ ಕರೆದೆ. ಭಾನುವಾರ ಎಣ್ಣೆ ಸ್ನಾನ, ತಲೆಗೆ ನೀರು ಬಿದ್ದರೆ ತನ್ನ ಮುಖವನ್ನು ತಾನೇ ಪರಚಿಕೊಳ್ಳುತ್ತಾನೆ, ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ ಎಂದು ಆಕೆ ಅತ್ತರು. ನಾನು ಮಣಿಗಳನ್ನು ಡಬ್ಬಿಗೆ ತುಂಬಿ ಪಕ್ಕಕ್ಕಿಟ್ಟೆ. ಮುಂದಿನ ಎರಡು ತಿಂಗಳು ನಮ್ಮ ಕೆಲಸ ಸ್ನಾನವೊಂದೇ. ನೀರು ಮುಟ್ಟುವ ಮೊದಲು ದಪ್ಪ ಟವೆಲ್ಲಿನಲ್ಲಿ ತಲೆ, ಭುಜಗಳನ್ನು ಗಟ್ಟಿಯಾಗಿ ಒತ್ತುವುದು. ಎಣ್ಣೆಯನ್ನು ಸವರದೆ ಒತ್ತಿ ಹಚ್ಚುವುದು. ಚೊಂಬನ್ನು ಅವನ ಕೈಗೇ ಕೊಟ್ಟು ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ. ತಲೆಗೆ ಎಷ್ಟು ಚೊಂಬು ಎಂದು ಮೊದಲೇ ಹೇಳಿ ಎಣಿಸುವುದು, ಹೇಳಿದ್ದಕ್ಕಿಂತ ಒಂದು ಚೊಂಬೂ ಹೆಚ್ಚು ಹಾಕದಿರುವುದು. ಆ ಕೊನೆಯದು ಅಜ್ಜಿಗೇ ಕಷ್ಟವಾಯಿತು. ಸೀಗೆಪುಡಿ ಪೂರ್ತಿ ಹೋಗುವುದಿಲ್ಲ ಎಂಬುದು ಅವರ ತಕರಾರು. ಐದು ಚೊಂಬಿಗೆ ರಾಜಿಯಾಯಿತು.

ಈಗ ನಾನು ಊರಿಗೆ ಹತ್ತಿರದ ಒಂದು ಆಸ್ಪತ್ರೆಯಲ್ಲಿದ್ದೇನೆ. ಆರೋಗ್ಯ ವೃತ್ತಿಗಳ ಕುರಿತ 2021ರ ಕೇಂದ್ರ ಕಾಯ್ದೆಯಲ್ಲಿ ನಮ್ಮ ವೃತ್ತಿಯ ಹೆಸರು ಸೇರಿದೆ. ದೊಡ್ಡಪ್ಪನ ತಲೆಯಲ್ಲಿ ಇನ್ನೂ ಸೇರಿಲ್ಲ.

ಇನ್ನು ಆ ಡ್ರಾಯರಿನ ವಿಷಯ. ಅದರಲ್ಲಿ ಮರದ ಹಿಡಿಯಿರುವ, ತುದಿಯಲ್ಲಿ ತಂತಿಯ ಕುಣಿಕೆಯಿರುವ ಒಂದು ಕೊಕ್ಕೆ ಇತ್ತು. ಕಾಜಾದೊಳಗೆ ತೂರಿಸಿ ಗುಂಡಿಯನ್ನು ಈಚೆಗೆ ಎಳೆದರೆ ಒಂದೇ ಕೈಯಲ್ಲಿ ಅಂಗಿ ಹಾಕಿಕೊಳ್ಳಬಹುದು. ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯ ದಿನ ಅದನ್ನು ಏಪ್ರನ್ ಜೇಬಿಗೆ ಹಾಕಿಕೊಂಡವಳು ಹಿಂದಿರುಗಿಸಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಅದು ಕಳೆದುಹೋಗಿದೆ ಎಂದು ಇರಬಹುದು. ಕಳೆದಿಲ್ಲ. ಹೋದ ವರ್ಷದಿಂದ ಅದು ನಿವೃತ್ತ ಮೇಷ್ಟರೊಬ್ಬರ ಬಳಿ ಇದೆ. ಟೀ ಶರ್ಟ್ ಹಾಕಿಕೊಳ್ಳಿ ಎಂದು ಮಗ ಎಷ್ಟು ಹೇಳಿದರೂ ಒಪ್ಪದೆ, ಕುತ್ತಿಗೆಯ ಗುಂಡಿಯವರೆಗೂ ತಾವೇ ಹಾಕಿಕೊಂಡು ಹಾಲಿನ ಅಂಗಡಿಗೆ ಹೋಗುತ್ತಾರಂತೆ. ಅದನ್ನು ಅವರಿಂದ ವಾಪಸು ಕೇಳಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಆಸ್ಪತ್ರೆಯ ಬಡಗಿಯಿಂದ ಅಂಥದೇ ಎರಡು ಮಾಡಿಸಿದ್ದೇನೆ. ಈ ಬರಹದ ಜೊತೆ ಅಂಚೆಯಲ್ಲಿ ಬರುತ್ತವೆ. ದಯವಿಟ್ಟು ಎರಡನೇ ಡ್ರಾಯರಿನಲ್ಲಿ ಇಡಿ.