ಗಂಟು ಹಾಕುತ್ತಾ ಕಲಿತ ಶಿಲ್ಪ

ಶಿಲ್ಪಕಲೆ ವಿಭಾಗಕ್ಕೆ ಸೇರಿದಾಗ ನಮಗೆ ಗೊತ್ತಿದ್ದದ್ದು ಕಲ್ಲು, ಮರ, ಜೇಡಿಮಣ್ಣು, ಪ್ಲಾಸ್ಟರ್ ಅಷ್ಟೇ. ಎರಡನೇ ವರ್ಷ ನಮ್ಮ ಮೇಷ್ಟ್ರು ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿಸಿ ಸ್ಲೈಡ್ ತೋರಿಸಿದರು. ಗೋಡೆಯ ತುಂಬ ಒಂದು ಹೆಣ್ಣಿನ ಆಕೃತಿ, ಪೂರ್ತಿ ನಾರಿನ ಹಗ್ಗದಲ್ಲಿ ಮಾಡಿದ್ದು. ಶಿಲ್ಪಿ ಮೃಣಾಲಿನಿ ಮುಖರ್ಜಿಯವರ ‘ಯಕ್ಷಿ’, 1984ರದ್ದು. ತರಗತಿಯಲ್ಲಿ ಯಾರೂ ಮಾತಾಡಲಿಲ್ಲ.

ಮೇಷ್ಟ್ರು ಬರೋಡದಲ್ಲಿ ಓದಿ ಬಂದವರು. ಮೃಣಾಲಿನಿಯವರು ಕಲಿತದ್ದೂ ಅಲ್ಲೇ. ಅವರು ಹುಟ್ಟಿದ್ದು 1949ರಲ್ಲಿ, ಮುಂಬೈಯಲ್ಲಿ. ತಂದೆ ಶಾಂತಿನಿಕೇತನದ ದೊಡ್ಡ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ, ತಾಯಿ ಶಿಲ್ಪಿ ಲೀಲಾ. ಬರೋಡದಲ್ಲಿ ಮೊದಲು ಪೇಂಟಿಂಗ್, ಆಮೇಲೆ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅವರ ಬಳಿ ಮ್ಯೂರಲ್, ಅಂದರೆ ಗೋಡೆಯ ಮೇಲಿನ ಕಲೆ. ಸುಬ್ರಮಣ್ಯನ್ ಕೈಮಗ್ಗ ಮಂಡಳಿಯಲ್ಲೂ ಕೆಲಸ ಮಾಡಿದವರು. ಕರಕುಶಲ ಕೆಲಸ ಕೆಳಗೆ, ಕಲೆ ಮೇಲೆ ಅನ್ನುವ ಲೆಕ್ಕ ಅವರಲ್ಲಿ ಇರಲಿಲ್ಲ. ನಾರನ್ನು ಹಿಡಿಯುವ ಧೈರ್ಯ ಆ ವಿದ್ಯಾರ್ಥಿನಿಗೆ ಅಲ್ಲಿಂದಲೇ ಬಂದಿರಬೇಕು.

ಆ ವಾರವೇ ಮೇಷ್ಟ್ರು ಸೆಣಬಿನ ಹುರಿಯ ಉಂಡೆಗಳನ್ನು ತರಿಸಿದರು. ಆಗ ಎಷ್ಟೋ ಮನೆಗಳಲ್ಲಿ ಮ್ಯಾಕ್ರಮೆ, ಅಂದರೆ ಹುರಿಗೆ ಗಂಟು ಹಾಕಿ ಹೆಣೆಯುವ ಕೆಲಸ, ಮಾಡುತ್ತಿದ್ದರು, ನೆನಪಿದೆ ಅಲ್ವಾ? ಹೂಕುಂಡ ತೂಗುಹಾಕಲು, ಬಾಗಿಲಿಗೆ ಕಟ್ಟಲು. ನಡುವೆ ಎರಡು ಎಳೆ, ಪಕ್ಕದ ಎಳೆಗಳನ್ನು ಅದರ ಸುತ್ತ ತಂದು ಬಿಗಿಯುವುದು. ನಾವು ಕಲಿತದ್ದೂ ಅದೇ ಗಂಟು. ಆದರೆ ಮೇಷ್ಟ್ರು ಅದರ ಗುಣ ತೋರಿಸಿಕೊಟ್ಟರು. ಬಿಗಿದಷ್ಟೂ ಹೆಣಿಗೆ ಗಟ್ಟಿಯಾಗುತ್ತದೆ. ಎಳೆ ಸೇರಿಸುತ್ತಾ ಹೋದರೆ ಹೊರಗೆ ಉಬ್ಬುತ್ತದೆ, ಬಿಡುತ್ತಾ ಹೋದರೆ ಒಳಗೆ ಸರಿಯುತ್ತದೆ. ಮಡಿಕೆ, ತುಟಿ, ಹೊಟ್ಟೆ, ದಳ ಎಲ್ಲ ಹೀಗೆಯೇ ಹುಟ್ಟುತ್ತವೆ. ಬೆರಳಿನ ಚರ್ಮ ಸುಲಿಯುತ್ತಿತ್ತು. ಕೂದಲಲ್ಲಿ, ಊಟದ ಡಬ್ಬಿಯಲ್ಲಿ ಎಲ್ಲೆಲ್ಲೂ ನಾರು. ಸಂಜೆ ಕಾಲೇಜಿನ ಗೇಟು ಹಾಕುವ ಹೊತ್ತಾದರೂ ಏಳಲು ಮನಸ್ಸಾಗುತ್ತಿರಲಿಲ್ಲ.

ಮೃಣಾಲಿನಿ ಮೊದಲೇ ಸ್ಕೆಚ್ ಹಾಕಿಕೊಳ್ಳುತ್ತಿರಲಿಲ್ಲವಂತೆ. ಬಣ್ಣ ಹಾಕಿದ ಹುರಿ, ಆಸರೆಗೆ ಲೋಹದ ಚೌಕಟ್ಟು, ಎರಡು ಕೈ, ಇಷ್ಟೇ. ಗಂಟು ಕರೆದೊಯ್ದ ಕಡೆ ಆಕೃತಿ ಬೆಳೆಯುತ್ತಿತ್ತು. ಒಂದೊಂದಕ್ಕೂ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ‘ಪಕ್ಷಿ’, ‘ವನಶ್ರೀ’, ‘ರುದ್ರ’ ಅಂತ ಹೆಸರುಗಳು. ಯಾವ ದೇವಸ್ಥಾನದ ವಿಗ್ರಹವೂ ಅಲ್ಲ, ಆದರೂ ಎದುರು ನಿಂತರೆ ಮೈ ಜುಂ ಅನ್ನುತ್ತದೆ.

ಯುರೋಪಿನಲ್ಲಿ 1962ರಿಂದಲೇ ಲೊಸಾನ್ ಬಿನಾಲೆ, ಅಂದರೆ ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನಲ್ಲಿ ಎರಡು ವರ್ಷಕ್ಕೊಮ್ಮೆಯ ನೇಯ್ಗೆ ಕಲೆಯ ಪ್ರದರ್ಶನ, ನಡೆಯುತ್ತಿತ್ತು. ಪೋಲೆಂಡಿನ ಮಗ್ದಲೇನಾ ಅಬಕನೋವಿಚ್ ಅಂಥವರ ದೈತ್ಯ ನೇಯ್ಗೆಗಳಿಗೆ ಅಲ್ಲಿ ವೇದಿಕೆ ಸಿಕ್ಕಿತು. ಇಲ್ಲಿ ಮೃಣಾಲಿನಿ ಹೆಚ್ಚುಕಡಿಮೆ ಒಬ್ಬರೇ ನಡೆದರು. ಹಗ್ಗದ ಕೆಲಸ ಶಿಲ್ಪ ಹೇಗಾಗುತ್ತದೆ ಎಂದು ಕೇಳುವವರು ಜಾಸ್ತಿ ಇದ್ದರು. ನನಗೆ ಇವತ್ತಿಗೂ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ.

2015ರಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಇಡೀ ಜೀವನದ ಕೆಲಸದ ಪ್ರದರ್ಶನ ಶುರುವಾಯಿತು. ಅದಾದ ಕೆಲವೇ ದಿನಗಳಲ್ಲಿ, ಫೆಬ್ರವರಿ 2ರಂದು, ಅವರು ತೀರಿಕೊಂಡರು. ನಾನು ಆಮೇಲೆ ಹೋಗಿ ನೋಡಿದೆ. ಸ್ಲೈಡಿನಲ್ಲಿ ಕಾಣದ ಒಂದು ವಿಷಯ ಅಲ್ಲಿ ಕಂಡಿತು: ಅವುಗಳ ಭಾರ. ಹುರಿ ತನ್ನ ತೂಕಕ್ಕೇ ಜಗ್ಗುತ್ತದೆ. ಆ ಜಗ್ಗುವಿಕೆಯನ್ನೇ ಅವರು ಆಕಾರವಾಗಿ ಬಳಸಿಕೊಂಡಿದ್ದರು. 2019ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್ ಕಲಾ ಸಂಗ್ರಹಾಲಯ ಮೃಣಾಲಿನಿಯವರ ದೊಡ್ಡ ಪ್ರದರ್ಶನ ಮಾಡಿತು. ಸಂತೋಷವೇ, ಆದರೆ ನೋಡಲು ಅವರಿರಲಿಲ್ಲ.

ಈಗ ನಮ್ಮ ವಿಭಾಗದಲ್ಲಿ ನಾರಿನ ಕೆಲಸ ಹೇಳಿಕೊಡುತ್ತಿಲ್ಲ ಎಂದು ಕೇಳಿದೆ. ಒಂದು ಸೆಮಿಸ್ಟರಿನ ಮಟ್ಟಿಗಾದರೂ ಮತ್ತೆ ಶುರು ಮಾಡಿ. ಹುರಿಯ ಖರ್ಚು ನನಗಿರಲಿ. ರಜೆಯಲ್ಲಿ ಊರಿಗೆ ಬಂದಾಗ ಗಂಟು ಹೇಳಿಕೊಡಲು ನಾನೇ ಬರುತ್ತೇನೆ.