ಲ್ಯೂಕಾಸ್ ಕೈಲೆಕ್ಕದಲ್ಲಿ ಗೆದ್ದ ಅವಿಭಾಜ್ಯ ಸಂಖ್ಯೆ

170141183460469231731687303715884105727. 2ರ 127ನೇ ಘಾತದಿಂದ ಒಂದನ್ನು ಕಳೆದರೆ ಸಿಗುವ, 39 ಅಂಕಿಗಳ ಈ ಸಂಖ್ಯೆ ಅವಿಭಾಜ್ಯವೆಂದು ಫ್ರಾನ್ಸಿನ ಗಣಿತಜ್ಞ ಎಡುವಾರ್ ಲ್ಯೂಕಾಸ್ 1876ರಲ್ಲಿ ಕೈಲೆಕ್ಕದಿಂದಲೇ ತೋರಿಸಿದರು. 1951ರವರೆಗೂ ಮನುಷ್ಯರಿಗೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಇದೇ ಆಗಿತ್ತು. 2024ರಲ್ಲಿ ಸಿಕ್ಕ ಸಂಖ್ಯೆಗೆ ನಾಲ್ಕು ಕೋಟಿಗೂ ಮೀರಿದ ಅಂಕಿಗಳಿವೆ. ಆದರೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಇದರ ಕಡೆಗೇ.

ಕಾರಣ, ಅದನ್ನು ಸಾಧಿಸಿದ ರೀತಿ. ಭಾಜಕಗಳನ್ನು ಒಂದೊಂದಾಗಿ ಹುಡುಕುತ್ತ ಹೊರಟರೆ ಇದರ ವರ್ಗಮೂಲದವರೆಗೆ, ಅಂದರೆ ಇಪ್ಪತ್ತು ಅಂಕಿಗಳ ಸಂಖ್ಯೆಯವರೆಗೆ ಹೋಗಬೇಕು. ಸೆಕೆಂಡಿಗೆ ಕೋಟಿ ಸಂಖ್ಯೆಗಳಂತೆ ಪರೀಕ್ಷಿಸಿದರೂ ನಲವತ್ತು ಸಾವಿರ ವರ್ಷ ಹಿಡಿಯುತ್ತದೆ. ಲ್ಯೂಕಾಸ್ ಒಂದು ಭಾಜಕವನ್ನೂ ಹುಡುಕಲಿಲ್ಲ. ಘಾತವನ್ನು 4ರಿಂದ ಭಾಗಿಸಿದಾಗ 3 ಉಳಿಯುವ ಇಂಥ ಸಂಖ್ಯೆಗಳಿಗೆ ಅವರ ವಿಧಾನ ಸರಳವಾಗಿದೆ: 3ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆಯುವುದು, ಬಂದದ್ದನ್ನು ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳುವುದು, ಮತ್ತೆ ವರ್ಗ ಮಾಡುವುದು. ಘಾತಕ್ಕಿಂತ ಎರಡು ಕಡಿಮೆ ಬಾರಿ ಹೀಗೆ ಮಾಡಿದ ಮೇಲೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ.

2ರ 7ನೇ ಘಾತದಿಂದ ಒಂದನ್ನು ಕಳೆದಾಗ ಸಿಗುವ 127ರ ಮೇಲೆ ಇದನ್ನು ನಡೆಸಿದರೆ 3, 7, 47 ಎಂದು ಸಾಗಿ ಮುಂದೆ 2207 ಬರುತ್ತದೆ. ಇಲ್ಲಿ ಭಾಗಾಕಾರವೇ ಬೇಕಿಲ್ಲ, ಏಕೆಂದರೆ 127ರಿಂದ ಭಾಗಿಸಿದಾಗ 128ರ ಶೇಷ 1. 2207ರಲ್ಲಿ 17 ನೂರಿಪ್ಪತ್ತೆಂಟುಗಳೂ 31 ಬಿಡಿಯೂ ಇರುವುದರಿಂದ ಎರಡನ್ನೂ ಕೂಡಿಸಿದಾಗ ಬರುವ 48 ಶೇಷ. 48ರ ವರ್ಗದಲ್ಲಿ 2 ಕಳೆದು ಹೀಗೆಯೇ ಮಡಚಿದರೆ 16, ಅದರ ವರ್ಗದಲ್ಲಿ 2 ಕಳೆದರೆ 254, ಎಂದರೆ 127ರ ಎರಡರಷ್ಟು. ಐದನೆಯ ಹೆಜ್ಜೆಗೆ ಸೊನ್ನೆ ಬಂದಿತು. ದೊಡ್ಡ ಸಂಖ್ಯೆಗೆ ಇಂಥ 125 ಹೆಜ್ಜೆಗಳು ಬೇಕು. ಅದನ್ನು ಲ್ಯೂಕಾಸ್ 0 ಮತ್ತು 1 ಮಾತ್ರ ಬಳಸುವ ದ್ವಿಮಾನ ಪದ್ಧತಿಯಲ್ಲಿ, 127 ಅಡ್ಡಸಾಲು ಮತ್ತು 127 ಕಂಬಸಾಲುಗಳ ಚದುರಂಗದಂಥ ಹಲಗೆಯ ಮೇಲೆ ಕಾಯಿಗಳನ್ನಿಟ್ಟು ಮಾಡುವ ಆಟವಾಗಿ ರೂಪಿಸಿದ್ದರು.

ಈ ಸಂಖ್ಯೆಯ ವಂಶಾವಳಿಯೂ ಸೊಗಸಾಗಿದೆ. 2ರ ಘಾತದಿಂದ ಒಂದನ್ನು ಕಳೆಯುವ ಇದೇ ಕ್ರಮದಲ್ಲಿ 2ನ್ನು ಘಾತವಾಗಿಟ್ಟರೆ 3, 3ನ್ನಿಟ್ಟರೆ 7, 7ನ್ನಿಟ್ಟರೆ 127, 127ನ್ನಿಟ್ಟರೆ ಇದು, ಎಲ್ಲವೂ ಅವಿಭಾಜ್ಯ. ಇದನ್ನೇ ಘಾತವಾಗಿಟ್ಟು ಪಡೆಯುವ ಮುಂದಿನ ಸಂಖ್ಯೆಯೂ ಅವಿಭಾಜ್ಯವೇ ಎಂಬ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ. ಅದರ ಅಂಕಿಗಳ ಎಣಿಕೆಯೇ 38 ಅಂಕಿಗಳಷ್ಟು ದೊಡ್ಡದಾದ್ದರಿಂದ ಲ್ಯೂಕಾಸರ ಪರೀಕ್ಷೆಯನ್ನು ಅದರ ಮೇಲೆ ನಡೆಸುವ ಮಾತೇ ಇಲ್ಲ. ಉಳಿದಿರುವುದು ಭಾಜಕದ ಹುಡುಕಾಟವೊಂದೇ, ಮತ್ತು ಅಂಥ ಅವಿಭಾಜ್ಯ ಭಾಜಕ ಇದ್ದರೆ ಅದು ನಮ್ಮ ಈ 39 ಅಂಕಿಗಳ ಸಂಖ್ಯೆಯ ಎರಡರಷ್ಟು, ನಾಲ್ಕರಷ್ಟು, ಆರರಷ್ಟು ಹೀಗೆ ಯಾವುದಾದರೊಂದು ಸಮ ಗುಣಿತಕ್ಕಿಂತ ಒಂದು ಹೆಚ್ಚಿರಲೇಬೇಕು.