ವಾಸಿಯಾಗದಿದ್ದರೂ ತೀರಿಸಿದ ಹರಕೆ

ಮೊನ್ನೆ ಕಾರ್ತಿಕ ಸೋಮವಾರ ನಂಜನಗೂಡಿಗೆ ಹೋಗಿ ಉರುಳುಸೇವೆ ಮುಗಿಸಿ ಬಂದೆ. ಮೊಣಕೈ ತರಚಿದೆ, ಸೊಂಟ ಹಿಡಿದಿದೆ. ಆದರೂ ಎಷ್ಟೋ ತಿಂಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಶಿವರಾತ್ರಿ ಕಳೆದ ವಾರ ಮಗಳಿಗೆ ಒಂದೇ ಸಮನೆ ವಾಂತಿ. ಅವಳಿಗೆ 14 ವರ್ಷ. ಅದಕ್ಕೂ ಮುಂಚೆ ಒಂದು ತಿಂಗಳಿಂದ ಚೊಂಬುಗಟ್ಟಲೆ ನೀರು ಕುಡಿಯೋದು, ರಾತ್ರಿ ನಾಲ್ಕೈದು ಸಲ ಏಳೋದು, ಯೂನಿಫಾರ್ಮ್ ಸಡಿಲ ಆಗಿದ್ದು, ಎಲ್ಲ ನೋಡಿದ್ದೆ. ಬೆಳೆಯೋ ವಯಸ್ಸು, ಬಿಸಿಲು ಬೇರೆ ಅಂದುಕೊಂಡು ಸುಮ್ಮನಿದ್ದೆ. ಅವಳಮ್ಮ ಇದ್ದಿದ್ದರೆ ಮೊದಲ ವಾರವೇ ಪತ್ತೆ ಹಚ್ಚುತ್ತಿದ್ದಳು. ಆ ರಾತ್ರಿ ಎತ್ತಿ ಆಟೋಗೆ ಕೂರಿಸುವಾಗ ಅವಳ ಉಸಿರಿನಲ್ಲಿ ಒಂದು ವಾಸನೆ. ಕಳಿತ ರಸಬಾಳೆ ವಾಸನೆ. ನಮ್ಮಮ್ಮ ಅಡುಗೆಮನೆಯಲ್ಲಿ ಗೊನೆ ತೂಗುಹಾಕಿರುತ್ತಿದ್ದಳಲ್ಲ, ಸಿಪ್ಪೆ ಕಪ್ಪಾಗುವ ಹೊತ್ತಿಗೆ ಮನೆಯೆಲ್ಲ ಹರಡುತ್ತಿತ್ತು, ಅದೇ. ಏನೂ ತಿಂದಿಲ್ಲ ಇವಳು, ಬಾಳೆಹಣ್ಣು ಎಲ್ಲಿಂದ ಬಂತು ಅಂತ ದಾರಿಯುದ್ದಕ್ಕೂ ಪೆದ್ದನ ಹಾಗೆ ಯೋಚಿಸುತ್ತಿದ್ದೆ.

ಶುಗರ್ 500 ದಾಟಿತ್ತು. ಟೈಪ್ 1 ಸಕ್ಕರೆ ಕಾಯಿಲೆ. ಮೈಯಲ್ಲಿ ಇನ್ಸುಲಿನ್ ಇಲ್ಲ, ಅದಕ್ಕೆ ಮೈ ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುತ್ತಿದೆ, ರಕ್ತದಲ್ಲಿ ಕೀಟೋನ್ ತುಂಬಿದೆ, ಆ ವಾಸನೆ ಅದರದ್ದೇ ಅಂತ ಡಾಕ್ಟರಮ್ಮ ಹೇಳಿದರು. ನನಗೆ ಅರ್ಥವಾಗಿದ್ದು ಒಂದೇ. ಮಗುವಿನ ಮೈಗೆ ನಂಜೇರಿದೆ.

ಐಸಿಯು ಹೊರಗೆ ಚಪ್ಪಲಿ ಬಿಟ್ಟು ನಿಂತು ಹರಕೆ ಹೊತ್ತೆ. ನಂಜುಂಡಪ್ಪ, ಇವಳನ್ನು ವಾಸಿ ಮಾಡು, ಉರುಳುತ್ತೀನಿ. ನನಗೆ ಟೈಫಾಯ್ಡ್ ಆದಾಗ ಅಮ್ಮ ಇದೇ ಹರಕೆ ಹೊತ್ತು, ಕಪಿಲೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಉರುಳಿದ್ದಳು. ನಂಜುಂಡನ ದಯೆಯಿಂದ ಟಿಪ್ಪುವಿನ ಆನೆಗೆ ಕಣ್ಣು ಬಂದು, ಟಿಪ್ಪು ಅವನನ್ನು ಹಕೀಮ, ಅಂದರೆ ವೈದ್ಯ, ಅಂತ ಕರೆದ ಕಥೆ ಹೇಳಿ, "ಹಕೀಮ ಕಣೋ ಅವನು, ಹಕೀಮ ಕೊಟ್ಟ ಔಷಧಿ ಉಗುಳಬಾರದು" ಅಂತ ಕಹಿ ಮಾತ್ರೆ ನುಂಗಿಸುತ್ತಿದ್ದಳು.

ಮಗಳು ಉಳಿದಳು. ಕಾಯಿಲೆ ಹೋಗಲಿಲ್ಲ. ದಿನಕ್ಕೆ ನಾಲ್ಕು ಸಲ ಸೂಜಿ, ಜೀವನಪೂರ್ತಿ. ಹೆಣ್ಣು ಮಗು, ಯಾರಿಗೂ ಹೇಳಬೇಡ ಅಂದರು ನೆಂಟರು. ಶಾಲೆಯಲ್ಲಿ ಕ್ಲಾಸಿನಲ್ಲಿ ಚುಚ್ಚಿಕೊಳ್ಳಬೇಡ, ಟಾಯ್ಲೆಟ್ಟಿಗೆ ಹೋಗು ಅಂದರು. ಒಬ್ಬರು ಇನ್ಸುಲಿನ್ ನಿಲ್ಲಿಸಿ ಯಾವುದೋ ಸೊಪ್ಪಿನ ರಸ ಕುಡಿಸು ಅಂದರು. ನಿಜ ಹೇಳಬೇಕು ಅಂದರೆ ಒಂದು ರಾತ್ರಿ ನನ್ನ ಮನಸ್ಸೂ ಅಲ್ಲಾಡಿತು. ಮೊಬೈಲಿನಲ್ಲಿ ಹುಡುಕುತ್ತಾ ಕೂತೆ. 1922ರಲ್ಲಿ ಕೆನಡಾದ ಟೊರೊಂಟೊದಲ್ಲಿ ಮೊದಲ ಸಲ ಇನ್ಸುಲಿನ್ ಚುಚ್ಚಿದ್ದು 14 ವರ್ಷದ ಹುಡುಗನಿಗಂತೆ. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಎದ್ದು ಫ್ರಿಜ್ ತೆಗೆದೆ. ಕರಿಬೇವಿನ ಪಕ್ಕ ಹಕೀಮನ ಔಷಧಿ ತಣ್ಣಗೆ ಕೂತಿತ್ತು.

ವಾಸಿಯಾಗದ ಮೇಲೆ ಹರಕೆ ಯಾಕೆ ಅಂತ ಅಕ್ಕ ಕೇಳಿದಳು. ಅವನ ಹತ್ತಿರ ಅಷ್ಟು ಲೆಕ್ಕ ಹಾಕೋಕೆ ನನ್ನಿಂದ ಆಗಲಿಲ್ಲ.

ಕಪಿಲೆಯ ಮೆಟ್ಟಿಲ ಮೇಲೆಲ್ಲ ಶಾಂಪೂ ಕವರು, ಬಿಟ್ಟುಹೋದ ಒದ್ದೆ ಬಟ್ಟೆ. ಪಾಪ ಕಳೆಯೋಕೆ ಬಂದು ಕಸ ಬಿಟ್ಟು ಹೋಗ್ತಾರಲ್ಲ! ಉರುಳುವವರನ್ನು ವಿಡಿಯೋ ಮಾಡುತ್ತಾ ದಾಟಿಕೊಂಡು ಹೋದವರೂ ಇದ್ದರು. ಅಮ್ಮನ ಕಾಲದಲ್ಲಿ ಪಕ್ಕಕ್ಕೆ ಸರಿದು ಕೈ ಮುಗಿಯುತ್ತಿದ್ದರು. ಇರಲಿ. ಕಲ್ಲು ಮಾತ್ರ ಅಷ್ಟೇ ತಣ್ಣಗಿತ್ತು. ಮಗಳು ನನ್ನ ಕನ್ನಡಕ ಹಿಡಿದು ಪಕ್ಕದಲ್ಲೇ ನಡೆದಳು. "ಅಪ್ಪಾ, ಗೋಡೆ ಬಂತು, ಈ ಕಡೆ ತಿರುಗು."

ಹೊರಗೆ ಬಂದು ಹಣ್ಣು-ಕಾಯಿ ಬಿಚ್ಚಿದೆ. ಅದರಲ್ಲಿ ರಸಬಾಳೆ. ಅಸಲಿ ರಸಬಾಳೆ ಈಗ ನಂಜನಗೂಡಿನಲ್ಲೇ ಅಪರೂಪ. ಅವಳು ಬೆರಳು ಚುಚ್ಚಿ ಶುಗರ್ ನೋಡಿದಳು, 132. ಲೆಕ್ಕ ಹಾಕಿ, ಎಲ್ಲರ ಎದುರೇ ಹೊಟ್ಟೆಗೆ ಚುಚ್ಚಿಕೊಂಡು, ಪ್ರಸಾದ ಅಂತ ಅರ್ಧ ಹಣ್ಣು ತಿಂದಳು. ಬಸ್ಸಿನಲ್ಲಿ ನಿದ್ದೆಗಣ್ಣಲ್ಲಿ ನನ್ನ ಭುಜಕ್ಕೆ ಒರಗಿದಾಗ ಉಸಿರಿನಲ್ಲಿ ಮತ್ತೆ ಅದೇ ವಾಸನೆ. ಎದೆ ಧಸಕ್ಕೆಂದಿತು. ಬಗ್ಗಿ ಮೂಸಿದೆ.

"ಹಣ್ಣು ತಿಂದೆನಲ್ಲಪ್ಪಾ," ಅಂದಳು ಕಣ್ಣು ಮುಚ್ಚಿಕೊಂಡೇ.